ಜೆಸ್ಸಿಕಾ ಇಟ್ಟ ಎಳೆ

ಜೆಸ್ಸಿಕಾಳಿಗೆ ತನ್ನ ಕೈಗೆಲಸದ ಸೊಕ್ಕಿತ್ತು. ನಾನು ಎದುರಿಗೇ ಹೇಳುತ್ತಿದ್ದೆ. ಹಳಿಯಾಳದ ಹತ್ತಿರದ ಹಳ್ಳಿಯಲ್ಲಿ ತಾಯಿ ಮಾರ್ಗರೀಟಾಬಾಯಿಯ ಪಕ್ಕ ಕೂತು, ಹಳೇ ಬಟ್ಟೆ ಜೋಡಿಸಿ ಕೌದಿ ಹೊಲಿದು ಬೆಳೆದವಳು ಅವಳು. ನಾನು ತೇರಗಾಂವದವಳು. ಬೆಳಗಾವಿಯಲ್ಲಿ ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಗೆ ಇಬ್ಬರೂ ಒಟ್ಟಿಗೇ ಸೇರಿ, ಒಂದೇ ಖೋಲಿಯಲ್ಲಿದ್ದೆವು.

ಅಲ್ಲಿ ರೆಕ್ಕೆಯ ಹಲಗೆಯನ್ನು ಲೋಹದಿಂದ ಮಾಡುವುದಿಲ್ಲ. ಕಾರ್ಬನ್ ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ, ಅಂಟು ಕುಡಿಸಿ, ಬೇಯಿಸುತ್ತಾರೆ. ಆ ಪದರಗಳ ನಡುವೆ ಕೂದಲೆಳೆಯಷ್ಟು ಸಣ್ಣ ಗಾಜಿನ ಎಳೆ ಇಡುವುದು ಜೆಸ್ಸಿಕಾಳ ಕೆಲಸ. ಹಲಗೆಗೆ ಒಳಪೆಟ್ಟು ಬಿದ್ದರೆ ಎಳೆಯಲ್ಲಿ ಹರಿಯುವ ಬೆಳಕು ಬದಲಾಗಿ ಕಂಪ್ಯೂಟರಿನಲ್ಲಿ ಗೊತ್ತಾಗುತ್ತದೆ. ನಾನೂ ಇಟ್ಟು ನೋಡಿದೆ, ಒಂದೇ ದಿನ ಆರು ಎಳೆ ಮುರಿದೆ. ಅವಳು ಒಂದನ್ನೂ ಮುರಿದವಳಲ್ಲ.

ಕೆಲಸ ಕಾಯಂ ಆದ ಪತ್ರ ಬರಲು ವಾರ ಇದ್ದಾಗ, ಬೆಂದ ಹಲಗೆಯ ಮೇಲೆ ಅವಳ ಕೈಯಿಂದ ನಟ್ಟು ಬಿಗಿಸುವ ಕಬ್ಬಿಣದ ಪಾನಾ ಜಾರಿ ಬಿತ್ತು. ನಾನೊಬ್ಬಳೇ ನೋಡಿದೆ. ಮೇಲೆ ಗೀರು ಕೂಡ ಇರಲಿಲ್ಲ. "ಏನೂ ಆಗಿಲ್ಲ, ಸುಮ್ನಿರು" ಎಂದವಳು ನಾನೇ. ಆ ಮಾತಿಗೆ ಇವತ್ತಿಗೂ ನಾಚಿಕೆಯಾಗುತ್ತದೆ. ಅವಳು ನಾಲ್ಕು ದಿನ ಸುಮ್ಮನಿದ್ದಳು.

ಐದನೇ ದಿನ ಪರೀಕ್ಷೆಯಲ್ಲಿ ಮೂರನೇ ಎಳೆ ತಕರಾರು ತೆಗೆಯಿತು. ಇಂಜಿನಿಯರ್ ಕಿರಣಕುಮಾರ ಬ್ಯಾಟರಿ ಹಿಡಿದು ಹಲಗೆಯನ್ನು ಇಂಚಿಂಚೂ ನೋಡಿದ.

"ಹಲಗಿ ಚಲೋ ಐತಿ. ಜೆಸ್ಸಿಕಾ, ನೀ ಇಟ್ಟ ಎಳೀನ ಸರಿ ಕೂತಿಲ್ಲ. ಅದನ್ನ ಬಿಟ್ಟು ಮುಂದ ಕಳಸೂಣು."

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಒಪ್ಪಿಕೋ ಎಂದು ನಾನು ಕಣ್ಸನ್ನೆ ಮಾಡಿದೆ. ಅವಳ ಮುಖ ಬಿಗಿಯಿತು.

"ಎಳಿ ಸರಿ ಐತ್ರಿ ಸರ್. ನಾನ ಅದರ ಮ್ಯಾಲ ಪಾನಾ ಕೆಡವೀನಿ."

ಸ್ಕ್ಯಾನ್ ಮಾಡಿದರು. ಮೂರನೇ ಎಳೆ ಇದ್ದ ಜಾಗದಲ್ಲೇ, ಒಳಗೆ ಅಂಗೈಯಗಲ ಪದರಗಳು ಬಿಟ್ಟುಕೊಂಡಿದ್ದವು. ಕೈ ಜಾರಿದ್ದಕ್ಕಲ್ಲ, ನಾಲ್ಕು ದಿನ ಬಾಯಿ ಮುಚ್ಚಿಕೊಂಡಿದ್ದಕ್ಕೆ ಅವಳನ್ನು ಕೆಲಸದಿಂದ ತೆಗೆದರು. ಆ ಪಾಪದಲ್ಲಿ ನನ್ನ ಪಾಲೂ ಇತ್ತು. ಅವಳು ನನ್ನ ಹೆಸರೆತ್ತಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ನನ್ನ ಕಾಯಂ ಪತ್ರ ಬಂತು.

ಅವಳನ್ನು ಊರಿಗೆ ಬಿಡಲು ಜೊತೆಗೆ ಹೋದೆ. ಮಾರ್ಗರೀಟಾಬಾಯಿ ಅಂಗಳದಲ್ಲಿ ಕೌದಿ ಹರಡಿಕೊಂಡು ಕೂತಿದ್ದರು. ಸೂಜಿ ನಿಲ್ಲಿಸಿ ಮಗಳನ್ನು ಕೇಳಿದರು.

"ಯಾಕ ಬಿಡಿಸಿದ್ರು? ಕೆಲಸ ಚಲೋ ಮಾಡ್ಲಿಲ್ಲೇನು?"

"ಚಲೋನ ಮಾಡಿದ್ದೆ ಆಯಿ. ಅದಕ್ಕ ಸಿಕ್ಕೊಂಡೆ."

ಅವರು ನನ್ನ ಕಡೆ ತಿರುಗಿದರು. "ನಿನ್ನ ಕೆಲಸಾದ್ರೂ ಉಳೀತಲ್ಲವಾ, ಶಿವಗಂಗಾ?"

"ಉಳೀತ್ರಿ" ಎಂದೆ. ಅವರು ಕೊಟ್ಟ ಚಹಾ ಆರಿಹೋಗುವವರೆಗೂ ನಾನು ತಲೆ ಎತ್ತಲಿಲ್ಲ.