ಹಣ್ಣಿನ ಎತ್ತು ಮಾಡುತ್ತಿದ್ದ ಕಾಕಾ

ಕಾಕಾನ ಬಲ ಅಂಗೈಯಲ್ಲಿ ಹಗ್ಗ ಹಾಯ್ದು ಹಾಯ್ದು ಒಂದು ಸಣ್ಣ ಕಾಲುವೆಯೇ ಬಿದ್ದಿತ್ತು. ಹೆಬ್ಬೆರಳಿನ ಬುಡದಿಂದ ಹೊರಟು ಕಿರುಬೆರಳಿನ ಕೆಳಗೆ ಇಳಿಯುವ ಆ ತೋಡಿಗೆ ಚಿಕ್ಕಂದಿನಲ್ಲಿ ನಾವು ತಂಬಿಗೆಯಿಂದ ನೀರು ಬಿಟ್ಟು, ಅದು ಈ ತುದಿಯಿಂದ ಆ ತುದಿಗೆ ಹರಿಯುವುದನ್ನು ನೋಡುತ್ತಿದ್ದೆವು. ಕಾಕಾ ಕೈ ಅಲುಗಿಸದೆ ಕುಳಿತಿರುತ್ತಿದ್ದ. ಬಾಗಿಲಲ್ಲಿ ಬಗ್ಗಿ ಬರಬೇಕಾದ ಎತ್ತರ, ಒನಕೆಯಂಥ ತೋಳು. ಅಂಥ ಕೈ ಬಾಳೆಹಣ್ಣಿನ ತುಂಡಿನಲ್ಲಿ ಹೆಬ್ಬೆರಳಿನಷ್ಟು ಎತ್ತನ್ನು ಮೂಡಿಸುತ್ತದೆ ಎಂದು ಯಾರಾದರೂ ಆಣೆ ಮಾಡಿ ಹೇಳಿದ್ದರೂ, ಕಣ್ಣಾರೆ ಕಾಣದಿದ್ದರೆ ನಾನು ನಂಬುತ್ತಿರಲಿಲ್ಲ.

ಅವನು ನನ್ನ ಅಪ್ಪನ ತಮ್ಮ. ನನ್ನ ತವರುಮನೆ ಸದಲಗಾದ ಹೊರಮಗ್ಗುಲಿಗೆ, ಹೊಳೆಗೆ ಹೋಗುವ ದಾರಿಯಲ್ಲಿದೆ. ಕಬ್ಬು ಅಪ್ಪನ ಪಾಲಿಗೆ, ದನಕರು ಕಾಕಾನ ಪಾಲಿಗೆ ಎಂದು ಅಣ್ಣತಮ್ಮಂದಿರು ಯಾವ ಕಾಲದಲ್ಲೋ ಕೆಲಸ ಹಂಚಿಕೊಂಡಿದ್ದರು. ಊರಿಗೆಲ್ಲ ಟ್ರ್ಯಾಕ್ಟರ್ ಬಂದ ಮೇಲೂ ಕಾಕಾ ಒಂದು ಜೋಡಿ ಖಿಲಾರಿ ಎತ್ತು ಸಾಕುವುದನ್ನು ಬಿಡಲಿಲ್ಲ. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ, ಎತ್ತುಗಳು ಒಪ್ಪಲಿಲ್ಲ ಎಂದು ಹೇಳಿ ಕಳಿಸುತ್ತಿದ್ದ. ಮನುಷ್ಯರೊಡನೆ ಕನ್ನಡ, ಎತ್ತುಗಳೊಡನೆ ಮರಾಠಿ. ಅವು ಕೊಲ್ಲಾಪುರದ ಕಡೆ ಹುಟ್ಟಿದವು, ಕನ್ನಡ ಹೇಗೆ ತಿಳಿಯಬೇಕು ಎಂಬುದು ಅವನ ವಾದ. ಹಾಗಾದರೆ ನಮ್ಮ ಮನೆಯಲ್ಲೇ ಹುಟ್ಟಿದ ಎಮ್ಮೆಯೊಡನೆಯೂ ಮರಾಠಿ ಯಾಕೆ ಎಂದು ನಾನು ಕೇಳಿದರೆ, ಕಿವಿ ಕೇಳಿಸದವನ ಹಾಗೆ ಎದ್ದು ಹೋಗುತ್ತಿದ್ದ.

ಜೀವಮಾನದಲ್ಲಿ ಅವನು ಒಮ್ಮೆಯೂ ಒಲೆ ಹೊತ್ತಿಸಿದವನಲ್ಲ. ಹೆಂಗಸರೆಲ್ಲ ಮದುವೆಗೆಂದು ರಾಯಬಾಗಕ್ಕೋ ಅಥಣಿಗೋ ಹೋದರೆ ಹಣ್ಣು, ಮೊಸರು, ಶೇಂಗಾ, ಬೆಲ್ಲಗಳಲ್ಲೇ ದಿನ ದೂಡುತ್ತಿದ್ದ. ಕಾಕಾನ ಅಡಿಗೆಮನೆ ಎಂದರೆ ಗಿಡ ಎಂದು ಅವ್ವ ನಗುತ್ತಿದ್ದಳು. ಆದರೆ ಆ ಒಲೆಯಿಲ್ಲದ ಅಡಿಗೆಗೂ ಒಂದು ಶಿಸ್ತಿತ್ತು. ಎಮ್ಮೆಯ ಮೊಸರನ್ನು ಒಗೆದ ಧೋತರದ ತುಂಡಿನಲ್ಲಿ ಕಟ್ಟಿ ತೊಲೆಗೆ ತೂಗುಹಾಕುತ್ತಿದ್ದ. ನೀರೆಲ್ಲ ಬಸಿದು ಉಳಿದ ಗಟ್ಟಿ ಚಕ್ಕಾಕ್ಕೆ ಸಕ್ಕರೆಯಲ್ಲ, ಗಾಣದಿಂದ ತಂದ ಜೋನಿಬೆಲ್ಲ. ಮೇಲೆ ಕುಟ್ಟಿದ ಯಾಲಕ್ಕಿ, ಚಿಟಿಕೆ ಉಪ್ಪು. ಅಂಗೈಯಿಂದಲೇ ತಿಕ್ಕಿ ತಿಕ್ಕಿ ಅದನ್ನು ಬೆಣ್ಣೆಯಷ್ಟು ನುಣ್ಣಗೆ ಮಾಡಿ, ಬಾಳೆಹಣ್ಣು, ಕರಬೂಜ, ಚಿಕ್ಕು, ದ್ರಾಕ್ಷಿ, ಆ ಹೊತ್ತಿಗೆ ಏನು ಸಿಕ್ಕರೂ ಅದರಲ್ಲಿ ಅದ್ದಿಕೊಂಡು ತಿನ್ನುವುದು. ಬೇಸಿಗೆ ರಜೆಯಲ್ಲಿ ನಾವು ಮಕ್ಕಳೆಲ್ಲ ಅವನ ಸುತ್ತ ಮುತ್ತಿಕೊಂಡು ಕೂರುತ್ತಿದ್ದೆವು. ಅವ್ವನ ಬಿಸಿ ಅಡಿಗೆ ಒಳಗೆ ಆರುತ್ತಿತ್ತು.

ಮಣ್ಣೆತ್ತಿನ ಅಮಾವಾಸ್ಯೆಗೆ ಓಣಿಯ ಮನೆಮನೆಗೂ ಎತ್ತು ಮಾಡಿಕೊಡುವವನು ಅವನೇ. ಹೊಳೆದಂಡೆಯ ಮಣ್ಣು ತಂದು ಒಂದು ಜೋಡಿ ಎತ್ತು, ಅವುಗಳ ಮುಂದೆ ಮೇವಿಗೆ ಒಂದು ಪುಟ್ಟ ಗ್ವಾದಲಿ. ಅವನ ಎತ್ತುಗಳು ಯಾವಾಗಲೂ ಕುಳಿತಿರುತ್ತಿದ್ದವು. ಯಾಕೆಂದು ಒಮ್ಮೆ ಕೇಳಿದ್ದೆ. "ನಿಂತ ಎತ್ತಿಗಿ ಕೆಲಸದ ಚಿಂತಿ. ಕುಂತ ಎತ್ತು ಮೆಲಕ ಹಾಕತೈತಿ. ದೇವರು ಅಂದಮ್ಯಾಗ ಆರಾಮ ಇರಬೇಕಲ್ಲ" ಎಂದಿದ್ದ.

ನನ್ನ ಮಗಳು ಶರುವಿಗೆ ನಾಲ್ಕು ವರ್ಷವಿದ್ದಾಗಿನ ಬೇಸಿಗೆ ಅದು. ನಾವಿರುವುದು ನಿಪ್ಪಾಣಿಯಲ್ಲಿ. ಅವಳಿಗೆ ವಿಷಮಜ್ವರ ಬಂತು. ಔಷಧದಿಂದ ಜ್ವರವೇನೋ ಇಳಿಯಿತು, ಊಟ ಮಾತ್ರ ಮರಳಲಿಲ್ಲ. ತಿಂದದ್ದೆಲ್ಲ ವಾಂತಿಯಾದ ದಿನಗಳು ಅವಳ ತಲೆಯಲ್ಲಿ ಕುಳಿತುಬಿಟ್ಟಿದ್ದವು. ಒಗ್ಗರಣೆಯ ವಾಸನೆ ಬಂದರೆ ಸಾಕು, ಹಲ್ಲು ಕಚ್ಚಿ ನನ್ನ ಸೆರಗಿನಲ್ಲಿ ಮುಖ ಹುದುಗಿಸುತ್ತಿದ್ದಳು. ಒಳಗೆ ಹೋಗುತ್ತಿದ್ದದ್ದು ಎಳನೀರು ಮತ್ತು ಔಷಧ, ಅಷ್ಟೇ. ಚಿಕ್ಕೋಡಿಯ ಡಾಕ್ಟರರು ತೂಕ ನೋಡಿ, ಸೋಮವಾರದವರೆಗೆ ಮನೆಯಲ್ಲಿ ಪ್ರಯತ್ನಿಸಿ ಎಂದರು. ಆಗಲೂ ಬಾಯಿಂದ ತಿನ್ನದಿದ್ದರೆ ಭರ್ತಿ ಮಾಡಿಕೊಂಡು ಮೂಗಿನಿಂದ ನಳಿಗೆ ಹಾಕಬೇಕಾಗುತ್ತದೆ ಎಂದೂ ಮೆಲ್ಲಗೆ ಹೇಳಿದರು. ಅವಳನ್ನು ಹೊತ್ತುಕೊಂಡು ಅಲ್ಲಿಂದ ನೇರ ತವರಿಗೆ ಬಂದೆ. ಮಗುವಿನ ಮುಂಗೈ ಹಿಡಿದರೆ ನನ್ನ ಬೆರಳು ಒಂದರ ಮೇಲೊಂದು ಏರುತ್ತಿದ್ದವು. ನನಗೆ ಬಹಳ ಹೆದರಿಕೆಯಾಗಿತ್ತು, ಮತ್ತು ಹೆದರಿಕೆಯಾದಾಗ ನಾನು ಬಯ್ಯುವವಳು.

ಗಂಜಿಯ ಬಟ್ಟಲು ಹಿಡಿದು ಶರುವಿನ ಹಿಂದೆ ಕೂಗಾಡುತ್ತಿದ್ದ ನನ್ನನ್ನು ಕಾಕಾ ಅಂಗಳದಿಂದ ನೋಡಿದ. ಇದರ ಹಠಕ್ಕೆ ಕೊನೆಯಿಲ್ಲ ಎಂದು ಅವನ ಮುಂದೆ ದೂರಿದೆ. ಅವನು ಬಟ್ಟಲನ್ನು ನನ್ನ ಕೈಯಿಂದ ತೆಗೆದು ಕಟ್ಟೆಯ ಮೇಲಿಟ್ಟ.

"ಎತ್ತು ಹಠಕ್ಕ ಮೇವು ಬಿಡೂದಿಲ್ಲ ಬಾಳಾ. ಅಂಜಿ ಬಿಡತೈತಿ."

ನಾನು ಹುಡುಗಿಯಾಗಿದ್ದಾಗಿನ ಒಂದು ಸಂಗತಿ ಆಗ ನೆನಪಾಯಿತು. ಹೊಟ್ಟೆಯುಬ್ಬರದಿಂದ ಸಾಯುವಂತಾಗಿ ಉಳಿದ ಒಂದು ಎತ್ತು ಮೇವಿಗೆ ಮೂತಿಯನ್ನೇ ತಾಗಿಸದೆ ನಿಂತಿತ್ತು. ಕಾಕಾ ಅದರ ಎದುರು ಕುಕ್ಕರುಗಾಲಿನಲ್ಲಿ ಕುಳಿತು, ಹಸಿ ಕಬ್ಬಿನ ಸೋಗೆಯನ್ನು ತಾನೇ ಬಾಯಿಗಿಟ್ಟುಕೊಂಡು ಬೆಳಗಿನಿಂದ ಜಗಿದಿದ್ದ. ತುಟಿ ಸೀಳಿ ರಕ್ತ ಬಂದಿತ್ತು. ಸಂಜೆಗೆ ಎತ್ತು ಕತ್ತು ಚಾಚಿ ಅವನ ಬಾಯಲ್ಲಿದ್ದ ಸೋಗೆಯ ತುದಿಯನ್ನು ಎಳೆದುಕೊಂಡಿತು. ಊರವರು ನಕ್ಕಿದ್ದರು, ನಾನೂ ನಕ್ಕಿದ್ದೆ.

ಶನಿವಾರ ಬೆಳಿಗ್ಗೆ ಕಾಕಾ ಮೊಣಕೈವರೆಗೆ ಸಾಬೂನು ಹಚ್ಚಿ ಕೈ ತೊಳೆದುಕೊಂಡು, ಪಡಸಾಲೆಯಲ್ಲಿ ಬಾಳೆಯೆಲೆ ಹಾಸಿ ಕುಳಿತ. ಯಾರನ್ನೂ ಕರೆಯಲಿಲ್ಲ. ಬಾಳೆಹಣ್ಣಿನ ಒಂದು ತುಂಡನ್ನು ಎಡಗೈಯಲ್ಲಿಟ್ಟುಕೊಂಡು ಚಾಕುವಿನ ತುದಿಯಿಂದ ಕೆತ್ತತೊಡಗಿದ. ಉದ್ದ ಮೋರೆ ಬಂತು, ಮಡಚಿದ ಕಾಲು ಬಂದವು. ಹಸಿರು ದ್ರಾಕ್ಷಿಯನ್ನು ಸೀಳಿ ಬೆನ್ನ ಮೇಲೆ ಡುಬ್ಬದಂತೆ ಇಣಿ ಕೂರಿಸಿದ. ಹಸಿಕೊಬ್ಬರಿಯ ತೆಳ್ಳನೆಯ ಸೀಳುಗಳು ಕೋಡಾದವು. ಕರಿದ್ರಾಕ್ಷಿಯ ಸಿಪ್ಪೆಯನ್ನು ಸಾಸಿವೆಯಷ್ಟು ಕತ್ತರಿಸಿ ಕಣ್ಣಿಟ್ಟ ಕೂಡಲೇ ಎತ್ತು ನನ್ನನ್ನು ನೋಡಿತು. ಉತ್ಪ್ರೇಕ್ಷೆ ಮಾಡುತ್ತಿಲ್ಲ, ನೋಡಿತು. ಅದು ಯಾವುದೋ ಒಂದು ಎತ್ತೂ ಆಗಿರಲಿಲ್ಲ. ಎಡಗೋಡು ತುಸು ಒಳಗೆ ಬಾಗಿದ, ಅಂಗಳದಲ್ಲಿ ಕಟ್ಟಿದ್ದ ನಮ್ಮ ಎತ್ತೇ ಬಾಳೆಯೆಲೆಯ ಮೇಲೆ ಕಾಲು ಮಡಚಿ ಕುಳಿತಿತ್ತು. ಬಯ್ಯಲು ಬಂದಿದ್ದ ನಾನು ಅಲ್ಲೇ ಕುಳಿತು ನೋಡತೊಡಗಿದೆ.

ಅದಕ್ಕೆ ಜೋಡಿಯೆಂದು ಇನ್ನೂ ಒಂದೆರಡು ಕೆತ್ತಿ, ಅರ್ಧ ಕರಬೂಜದ ತಿರುಳನ್ನು ತೋಡಿ ತೆಗೆದು ಗ್ವಾದಲಿ ಮಾಡಿದ. ಅದರ ತುಂಬ ಚಕ್ಕಾ ಹಾಕಿ, ಎತ್ತನ್ನು ಎರಡು ಬೆರಳಿನಲ್ಲಿ ನಡೆಸಿಕೊಂಡು ಬಂದು, "ಯೇ ರಾಜಾ, ಪಾಣೀ ಪೀ" ಎಂದು ಮರಾಠಿಯಲ್ಲಿ ನೀರು ಕುಡಿಯಲು ಕರೆದ. ಎತ್ತು ಮೂತಿ ಅದ್ದಿತು. ಬಾಗಿಲ ಹಿಂದಿನಿಂದ ಇಣುಕುತ್ತಿದ್ದ ಶರು ಒಂದೊಂದೇ ಹೆಜ್ಜೆ ಹತ್ತಿರ ಬಂದಳು. ಕಾಕಾ ಅವಳ ಕಡೆ ನೋಡಲೇ ಇಲ್ಲ. ಅವಳು ತಾನಾಗಿ ಇನ್ನೊಂದು ಎತ್ತನ್ನು ಕೈಗೆತ್ತಿಕೊಂಡು, ಅದಕ್ಕೂ ನೀರು ಕುಡಿಸಿ, ಮುಖದ ಹತ್ತಿರ ತಂದಳು. ಅವ್ವ, ನಾನು ಉಸಿರು ಬಿಗಿಹಿಡಿದೆವು. ಹುಡುಗಿ ಅದನ್ನು ಹಣೆಗೆ ಒತ್ತಿಕೊಂಡು, ಒಳಗೆ ಹೋಗಿ ದೇವರ ಜಗುಲಿಯ ಮೇಲಿಟ್ಟು, ಚಿಟಿಕೆ ವಿಭೂತಿ ಹಚ್ಚಿ ಕೈಮುಗಿದಳು.

ತಿನ್ನು ಎಂದರೆ ನಮ್ಮನ್ನು ಪಾಪಿಗಳನ್ನು ನೋಡುವಂತೆ ನೋಡಿದಳು. ಬಸವಣ್ಣನನ್ನು ಯಾರಾದರೂ ತಿನ್ನುತ್ತಾರೆಯೇ ಎಂದು ಕೇಳಿದಳು. ಅವ್ವ ಕೂಡ ಶಿವಶಿವಾ ಎಂದು ಗಲ್ಲ ಬಡಿದುಕೊಂಡು ಮೊಮ್ಮಗಳ ಪಕ್ಷ ಸೇರಿದಳು. ತೋರಿಸಿಕೊಡಲೆಂದು ಕಾಕಾ ಒಂದನ್ನು ಬಾಯಿಯವರೆಗೆ ಒಯ್ದ. ಹಲ್ಲು ಊರಲಾಗಲಿಲ್ಲ. ಎಲೆಯ ಮೇಲೆ ಮರಳಿ ಇಟ್ಟ. ನಿಮ್ಮದೆಲ್ಲ ನಾಟಕ ಎಂದು ನಾನೊಂದನ್ನು ಎತ್ತಿಕೊಂಡೆ. ಕಬ್ಬಿನ ಬಂಡಿಯ ನೊಗ ಹೊತ್ತ ಎತ್ತಿನ ದುಡಿಮೆಯಲ್ಲಿ ಬೆಳೆದ ಬಾಯಿ ನನ್ನದು, ಅದೂ ತೆರೆಯಲಿಲ್ಲ. ಹೀಗೆ ಇಡೀ ಒಂದು ಮನೆತನ ಬಾಳೆಹಣ್ಣಿಗೆ ಸೋತು ಕುಳಿತಿತು. ಬೇರೆ ಏನಾದರೂ ಮಾಡು, ಮೊಲವೋ ಗಿಳಿಯೋ, ಎಂದು ನಾನು ಗೋಗರೆದೆ. ತನ್ನ ಕೈಗೆ ಬೇರೆ ಏನೂ ಬರುವುದಿಲ್ಲ ಎಂದು ಕಾಕಾ ತಪ್ಪಿತಸ್ಥನಂತೆ ಹೇಳಿದ.

ಸಂಜೆಗೆ ಜಗುಲಿಯ ಮೇಲಿನ ಎತ್ತು ಕಪ್ಪಾಗಿ ಇರುವೆ ಹತ್ತಿದವು. ಎತ್ತು ಸತ್ತಿತು ಎಂದು ಶರು ಅತ್ತಳು. ಆ ಹೊತ್ತಿಗೆ ಎಳನೀರನ್ನೂ ಬೇಡವೆಂದಳು. ನಾನು ಆ ರಾತ್ರಿಯೇ ಬಟ್ಟೆಬರೆ ಚೀಲಕ್ಕೆ ತುಂಬಿಟ್ಟೆ, ಸೋಮವಾರ ಭರ್ತಿ ಮಾಡುವುದು ಖಚಿತವೆಂದು.

ದಿನಾ ಬಿಸಿಲು ಏರುವ ಹೊತ್ತಿಗೆ ಕಾಕಾ ಅಂಗಳದ ಎತ್ತುಗಳನ್ನು ಬಿಚ್ಚಿ ಒಳಗೆ ದನದ ಮನೆಯಲ್ಲಿ ಕಟ್ಟುತ್ತಿದ್ದ. ಭಾನುವಾರ ಶರುವನ್ನು ಹೆಗಲ ಮೇಲೆ ಕೂರಿಸಿಕೊಂಡೇ ಕಟ್ಟಿದ. ಬಂದವನು ಮತ್ತೆ ಬಾಳೆಯೆಲೆ ಹಾಸಿದ, ಮತ್ತೆ ಜೋಡಿ ಎತ್ತು ಮಾಡಿದ, ಗ್ವಾದಲಿಗೆ ಚಕ್ಕಾ ತುಂಬಿದ. ನನಗೆ ಸಿಟ್ಟು ಬಂತು. ನಿನ್ನೆಯ ಆಟವೇ ಇಂದೂ ಎಂದು ಕಂಬಕ್ಕೊರಗಿ ನಿಂತೆ. ಈ ಸಲ ಅವನು ಎಲೆಯನ್ನು ಪಡಸಾಲೆಯ ಅಂಚಿಗೆ ಹಾಸಿದ್ದ. ಎತ್ತುಗಳು ನೀರು ಕುಡಿಯುವಷ್ಟರಲ್ಲಿ ಬಿಸಿಲು ಸರಿದು ಅವುಗಳ ಬಾಲದ ತನಕ ಬಂದಿತು.

ಅಯ್ಯೋ, ಬಿಸಿಲು ಬಂತಲ್ಲ, ಇವನ್ನು ಎಲ್ಲಿ ಕಟ್ಟುವುದು ಎಂದು ಕಾಕಾ ಶರುವನ್ನು ಕೇಳಿದ. ಅವಳು ದನದ ಮನೆಯತ್ತ ಬೆರಳು ತೋರಿಸಿದಳು. ಅಲ್ಲಿ ದೊಡ್ಡ ಎತ್ತುಗಳು ತುಳಿದುಬಿಡುತ್ತವೆ ಎಂದ. ಅವಳು ಯೋಚಿಸತೊಡಗಿದಳು. ಆಗ ಅವನು ತನ್ನ ಬಾಯನ್ನು ಅಗಲಕ್ಕೆ ತೆರೆದು ಬೆರಳಿಟ್ಟು ತೋರಿಸಿದ. "ನನ್ನ ಎತ್ತಿನ ಮನಿ ಇಲ್ಲೈತಿ ನೋಡು. ಒಳಗ ತಂಪ ಐತಿ." ಒಂದು ಎತ್ತನ್ನು ಇಡಿಯಾಗಿ ಒಳಗೆ ಬಿಟ್ಟು ಬಾಯಿ ಮುಚ್ಚಿದ. ದವಡೆ ಅಲುಗಲಿಲ್ಲ. ಕಣ್ಣು ಮುಚ್ಚಿ, ಹಣ್ಣು ತಾನಾಗಿ ಕರಗುವವರೆಗೆ ಕಾದ. ಗಂಟಲು ಒಮ್ಮೆ ಏರಿ ಇಳಿಯಿತು. ಹೊಟ್ಟೆ ಸವರಿಕೊಂಡು, ಕುಳಿತಿತು ಎಂದ.

ಶರು ಉಳಿದ ಎತ್ತನ್ನು ನೋಡಿದಳು. ಬಿಸಿಲು ಅದರ ಇಣಿಯ ಮೇಲಿತ್ತು. ಅವಳು ಅದನ್ನು ಎತ್ತಿಕೊಂಡು, ತುಸುವೇ ಬಾಯಿ ತೆರೆದು, "ಯೇ ರಾಜಾ" ಎಂದಳು. ಕೋಡು ತುಟಿಗೆ ಸಿಕ್ಕಿಕೊಂಡವು. ಬಾಗಿಲು ಸಣ್ಣದಾಯಿತು, ಇನ್ನಷ್ಟು ತೆರೆಯಬೇಕು ಎಂದು ಕಾಕಾ ಹೇಳಿದ. ತೆರೆದಳು. ಎತ್ತು ಒಳಗೆ ಹೋಯಿತು. ಅವಳ ಕಣ್ಣು ಗಾಬರಿಯಿಂದ ಅಗಲವಾದದ್ದು ಕಂಡು, ಈಗ ವಾಂತಿ ಆಗುತ್ತದೆ ಎಂದು ನಾನು ಮುಂದೆ ಬಂದೆ. ಕಾಕಾ ನನ್ನತ್ತ ಕೈ ಅಡ್ಡ ಹಿಡಿದ. "ಅವಸರ ಬ್ಯಾಡ. ಹೊಸಾ ಜಾಗಾ ಐತಿ, ಒಂದ ಸುತ್ತ ತಿರಗಿ ಕುಂದರತೈತಿ" ಎಂದು ಮಗುವಿಗೆ ಹೇಳಿದ. ಅವಳು ಕಾದಳು. ನಾವೆಲ್ಲ ಕಾದೆವು. ಆಮೇಲೆ ಆ ಕಡ್ಡಿಯಂಥ ಕೊರಳಿನಲ್ಲಿ ಏನೋ ಕೆಳಗಿಳಿಯಿತು.

ಒಂಟಿ ಎತ್ತು ನಿಲ್ಲುವುದಿಲ್ಲ, ಜೋಡಿ ಬೇಕು ಎಂದು ಕಾಕಾ ಇನ್ನೊಂದು ಮಾಡಿಕೊಟ್ಟ. ಅದೂ ಹೋಯಿತು. ಆಮೇಲೆ ಶರು ತನ್ನ ಹೊಟ್ಟೆಯನ್ನು ನೋಡಿಕೊಂಡು, ಒಳಗೆ ಅವು ಏನು ತಿನ್ನುತ್ತವೆ ಎಂದು ಕೇಳಿದಳು. ಕಾಕಾನ ಮುಖ ಗಂಭೀರವಾಯಿತು.

"ಕಟ್ಟಿದಾಕಿ ನೀನು. ಮೇವು ನೀನ ಹಾಕಬೇಕು. ಮುಂಜಾನಿ ಹಾಕಬೇಕು, ಸಂಜೀಕ ಹಾಕಬೇಕು. ಮರತರ ನಡಿಯೂದಿಲ್ಲ."

ಅವಳು ಗ್ವಾದಲಿಗೆ ಬೆರಳು ಅದ್ದಿ ಚಕ್ಕಾ ಬಾಯಿಗಿಟ್ಟುಕೊಂಡಳು. ಮತ್ತೆ ಅದ್ದಿದಳು. ಕರಬೂಜದ ಗೋಡೆಯನ್ನೂ ಕೆರೆದು ತಿಂದಳು. ಸಂಜೆಗೆ ತಾನಾಗಿಯೇ ಬಂದು ಎತ್ತುಗಳಿಗೆ ಹೊತ್ತಾಯಿತು ಎಂದು ನನ್ನ ಸೀರೆ ಜಗ್ಗಿದಳು. ಅವ್ವ ಆರಿದ ಅನ್ನಕ್ಕೆ ಮೊಸರು ಕಲಸಿ ಕೊಟ್ಟಳು. ಇದು ಮೇವೇ ಎಂದು ಕಾಕಾನನ್ನು ಕೇಳಿ ಖಾತ್ರಿ ಮಾಡಿಕೊಂಡು ತಿಂದಳು. ನಾನು ಹಿತ್ತಲಿಗೆ ಹೋಗಿ ಮನಸಾರೆ ಅತ್ತೆ.

ಸೋಮವಾರ ಡಾಕ್ಟರರು ನಳಿಗೆಯ ಮಾತೆತ್ತಲಿಲ್ಲ. ಏನು ತಿಂದೆ ಪುಟ್ಟಿ ಎಂದು ಕೇಳಿದ್ದಕ್ಕೆ, ಎತ್ತು ಕಟ್ಟಿದ್ದೇನೆ ಎಂದು ಅವಳು ಹೊಟ್ಟೆ ತೋರಿಸಿದಳು. ಅವರು ನನ್ನ ಮುಖ ನೋಡಿದರು, ನಾನು ಗೋಡೆ ನೋಡಿದೆ.

ಆ ಬೇಸಿಗೆಯನ್ನು ನೆನೆದಾಗಲೆಲ್ಲ ನನಗೆ ಬೆರಗಾಗುವುದು ಕೆತ್ತನೆಗಲ್ಲ. ತಿನ್ನಲಾರದ ಭಕ್ತಿಯನ್ನು ಅವನು ಒಡೆಯಲಿಲ್ಲ. ತನಗೂ ಅದೇ ಭಕ್ತಿ ಇತ್ತಲ್ಲ, ಅದರೊಳಗೇ ಒಂದು ಬಾಗಿಲು ಹುಡುಕಿದ. ಊಟ ಎಂದರೆ ಹೆದರುವ ಮಗುವಿಗೆ ಉಣ್ಣು ಎನ್ನದೆ, ಕಾಯುವ ಕೆಲಸ ಕೊಟ್ಟ. ಊರಿಗೆ ಮರಳುವ ದಿನ ನಾನು ಅವನ ಕಾಲು ಮುಟ್ಟಲು ಬಗ್ಗಿದೆ. ಅವನು ಸಂಕೋಚದಿಂದ ಹಿಂದೆ ಸರಿದು, ಮುಟ್ಟುವುದಿದ್ದರೆ ಎತ್ತಿನ ಕಾಲು ಮುಟ್ಟು ಎಂದ. ಮುಟ್ಟಿಯೇ ಬಂದೆ.

ಕಾಕಾ ಹೋದ ವರ್ಷ ತೀರಿಕೊಂಡ. ಮಧ್ಯಾಹ್ನ ಎತ್ತುಗಳನ್ನು ನೆರಳಿಗೆ ಕಟ್ಟಿ, ಅಲ್ಲೇ ಗೋಡೆಗೆ ಒರಗಿ ಕುಳಿತವನು ಏಳಲಿಲ್ಲ. ನಾವು ನಿಪ್ಪಾಣಿಯಿಂದ ಬರುವಷ್ಟರಲ್ಲಿ ಅಂಗಳದ ತುಂಬ ಜನ. ಮಣ್ಣು ಮುಗಿಸಿ ಬಂದ ಮೇಲೆ ಬಾಜೂಮನೆಯವರು ರೊಟ್ಟಿ, ಝುಣಕದ ಬುತ್ತಿ ತಂದಿಟ್ಟರು. ಅಪ್ಪ ತಟ್ಟೆ ದೂಡಿ ಎದ್ದ. ಅವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಳು.

ಶರು ಅಷ್ಟರಲ್ಲಿ ಶಾಲೆಗೆ ಹೋಗುವ ದೊಡ್ಡ ಹುಡುಗಿಯಾಗಿದ್ದಳು. ಸಣ್ಣಜ್ಜ ಸತ್ತನೆಂದು ದಾರಿಯುದ್ದಕ್ಕೂ ಬಿಕ್ಕಿದವಳು, ಅಷ್ಟು ಜನರ ನಡುವೆ ಒಬ್ಬಳೇ ಬುತ್ತಿ ಬಿಚ್ಚಿ ಕುಳಿತು ಉಣ್ಣುತ್ತಿದ್ದಳು. ಕಣ್ಣೀರು ಸುರಿಯುತ್ತಿತ್ತು, ಕೈ ನಿಲ್ಲುತ್ತಿರಲಿಲ್ಲ. ಯಾರೋ ಹೆಂಗಸು ಹುಬ್ಬು ಹಾರಿಸಿದ್ದು ಕಂಡು ನಾನು ಹತ್ತಿರ ಹೋಗಿ, ಆಮೇಲೆ ತಿನ್ನುವೆಯಂತೆ, ಏಳು ಎಂದು ಮೆಲ್ಲಗೆ ಗದರಿದೆ. ಅವಳು ತುತ್ತು ನುಂಗಿ ನನ್ನತ್ತ ನೋಡಿದಳು.

"ಸಣ್ಣಜ್ಜ ಕಟ್ಟಿಸಿದ ಎತ್ತು ಅದಾವಲ್ಲವ್ವಾ. ಇವತ್ತ ಅವನ್ನ ಉಪಾಸ ಕೆಡವಲಿ ಏನು?"

ನಾನು ಅವಳ ಪಕ್ಕದಲ್ಲಿ ಕುಳಿತು ಒಂದು ರೊಟ್ಟಿ ಮುರಿದುಕೊಂಡೆ.