ಅಕ್ಕನ ಬಾಳೆದಿಂಡು, ನನ್ನ ಸುಳ್ಳು ಕಲ್ಲು

ಹೋದ ಭಾನುವಾರ ಗುಬ್ಬಿಯಲ್ಲಿ ನಮ್ಮ ಗಿರಿಜಕ್ಕ ನನ್ನ ಮುಂದಿದ್ದ ತಟ್ಟೆ ಎಳ್ಕೊಂಡು ಕೇಳಿದಳು: "ನಾನ್ ಮಾಡಿದ್ದು ನಿಂಗೆ ಯಾವಾಗಿಂದ ಸೇರದಂಗಾಯ್ತೇ?"

ನನಗೆ ನಲವತ್ತೊಂಬತ್ತು. ಕುಣಿಗಲ್ ಹೈಸ್ಕೂಲಲ್ಲಿ ಅರವತ್ತು ಮಕ್ಕಳನ್ನ ಒಂದೇ ನೋಟದಲ್ಲಿ ಕೂರಿಸೋ ಟೀಚರು. ಅಕ್ಕನ ಮುಂದೆ ಮಾತ್ರ ಕಳ್ಳಿ ಥರ ತಲೆ ತಗ್ಗಿಸಿ ಕೂತಿದ್ದೆ.

ಕಳ್ಳಿನೇ ಬಿಡಿ. ಐದು ತಿಂಗಳ ಹಿಂದೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ತೂಕ ಇಳಿಸೋ ಆಪರೇಷನ್ ಮಾಡಿಸ್ಕೊಂಡೆ. ಹೊಟ್ಟೆಯ ಮುಕ್ಕಾಲು ಭಾಗ ಕತ್ತರಿಸಿ ತೆಗೆದು, ಬಾಳೆಹಣ್ಣಿನಷ್ಟು ಉಳಿಸ್ತಾರೆ. (ಆಗ ಮೂರು ವಾರ ಈ ಅಂಕಣ ಇರಲಿಲ್ಲ. "ಅನಾರೋಗ್ಯ" ಅಂತ ನಿಮಗೂ ಅರ್ಧ ಸತ್ಯ ಹೇಳಿದ್ದೆ. ಬೈಕೊಳ್ಳಿ.) ಮಂಡಿ ಕೈ ಕೊಟ್ಟಿತ್ತು, ಶುಗರ್ ಇತ್ತು, ಬಸ್ಸಿನ ಮೆಟ್ಟಿಲು ಹತ್ತಿದ್ರೆ ಉಸಿರು ಬಾಯಿಗೆ ಬರ್ತಿತ್ತು. ಇನ್ನೇನ್ ಮಾಡ್ಲಿ?

ನಮ್ಮ ಯಜಮಾನರಿಗೆ ಬಿಟ್ರೆ ಯಾರಿಗೂ ಹೇಳಲಿಲ್ಲ. "ತಿಂದು ತಿಂದು ಊದ್ಕೊಂಡು, ಈಗ ಹೊಟ್ಟೆ ಕುಯ್ಸ್ಕೊಂಡವ್ಳೆ" ಅಂತಾರಲ್ಲ, ಆ ನಾಚಿಕೆ. ಆಸ್ಪತ್ರೆ ಸೇರಿದ್ದು ಹೇಗೋ ಗೊತ್ತಾಗಿ ಅಕ್ಕ ಫೋನಲ್ಲಿ ಗಾಬರಿಯಾಗಿ ಕೇಳಿದಾಗ ಬಾಯಿಗೆ ಬಂದಿದ್ದು ಅಂದೆ: "ಕಿಡ್ನಿಲಿ ಕಲ್ಲಾಗಿತ್ತು ಕಣಕ್ಕ, ತೆಗೆಸ್ಬಿಟ್ಟೆ."

ಈ ಕಡೆ ಹುಟ್ಟಿ ಬೆಳೆದೋಳು ಹೇಳೋ ಸುಳ್ಳಾ ಇದು? ಕಲ್ಲು ಅಂದ್ರೆ ನಮ್ಮವರ ಕೈ ಸೀದಾ ಬಾಳೆದಿಂಡಿಗೆ ಹೋಗುತ್ತೆ. ಶುರುವಾಯ್ತು ನೋಡಿ. ವಾರಕ್ಕೊಂದು ಚೀಲ ಗುಬ್ಬಿಯಿಂದ ಬಸ್ ಹತ್ತಿ ನಮ್ಮ ಮನೆ ಹತ್ರದ ಬಟವಾಡಿ ಸ್ಟಾಪಿಗೆ ಬಂದು ಇಳಿಯೋದು. ಒಳಗೆ ದಿಂಡು, ಹುರುಳಿಕಾಳು. ಹಿಂದೇನೇ ಫೋನು: "ನಾರು ಬೆರಳಿಗೆ ಸುತ್ತಿ ತೆಗೀ, ಮಜ್ಜಿಗೇಲಿ ನೆನೆಸು, ಮತ್ತೆ ಕಲ್ಲಾದೀತು ಕಣೇ!"

ಡಾಕ್ಟರು ನಾರಿನ ಪದಾರ್ಥ ಮುಟ್ಟಲೇಬೇಡಿ ಅಂದಿದ್ರು. ದಿಂಡೆಲ್ಲ ಮಹಡಿ ಮೇಲಿನ ಮನೆಗೆ. ಅವರ ಮನೇಲಿ ಯಾರಿಗೂ ಕಲ್ಲಿಲ್ಲ, ಪಾಪ. ಸುಮ್ಮನೆ ತಿಂದರು.

ತೂಕ ಇಳೀತಾ? ಇಳೀತು. ಮೆಟ್ಟಿಲು ಹತ್ತುತೀನಿ, ಶುಗರ್ ಮಾತ್ರೆ ಅರ್ಧ ಆಗಿದೆ. ಮಾಡಿಸ್ಕೊಂಡಿದ್ದಕ್ಕೆ ಪಶ್ಚಾತ್ತಾಪ ಇಲ್ಲ. ಆದರೆ ಸುಸ್ತಾಗಿದೆ ಸ್ವಾಮಿ. ಹಸಿವು ಅನ್ನೋದೇ ಇಲ್ಲ. ಮೊಬೈಲಲ್ಲಿ ಅಲಾರಂ ಹೊಡೆದರೆ ಊಟ. ಐದು ಚಮಚ, ಒಂದೊಂದನ್ನೂ ನುಣ್ಣಗಾಗೋವರೆಗೂ ಅಗೀಬೇಕು. ಊಟದ ಹಿಂದೆ ಮುಂದೆ ಅರ್ಧ ಗಂಟೆ ನೀರು ಕುಡಿಯಂಗಿಲ್ಲ. ಸ್ಟಾಫ್ ರೂಮಲ್ಲಿ ಒಬ್ಬರು "ಸ್ಲಿಮ್ ಆಗ್ಬಿಟ್ರಿ ಮೇಡಂ" ಅಂದ್ರೆ ಇನ್ನೊಬ್ಬರು ದನಿ ತಗ್ಗಿಸಿ, "ಏನಾದ್ರೂ ದೊಡ್ಡ ಕಾಯಿಲೆನಾ?" ಅಂತಾರೆ. ಇಬ್ಬರಿಗೂ ನಕ್ಕು ನಕ್ಕು ದವಡೆ ನೋವು ಬಂದಿದೆ. ಮುಂಚೆ ಎಲ್ಲರ ಡಬ್ಬಿಗೂ ಕೈ ಹಾಕ್ತಿದ್ದೋಳು ನಾನು. ಈಗ ಲಂಚ್ ಬೆಲ್ ಹೊಡೆದರೆ ಪೇಪರ್ ತಿದ್ದೋಕೆ ಕೂರ್ತೀನಿ. ಊಟ ಕಮ್ಮಿ ಆದ್ಮೇಲೆ ಮಾತೂ ಕಮ್ಮಿ ಆಗಿದೆ, ಇದನ್ನ ಮಾತ್ರ ಯಾವ ಡಾಕ್ಟರೂ ಹೇಳಿರಲಿಲ್ಲ.

ಇಂಥ ಸ್ಥಿತೀಲಿ ಭಾನುವಾರ ಅಕ್ಕನ ಮನೆಗೆ ಹೋದೆ. ಆಪರೇಷನ್ ಆದ್ಮೇಲೆ ಮೊದಲನೇ ಸಲ. ಬಿಸಿ ಮುದ್ದೆ, ಅವರೆಕಾಳು ಸಾರು, ಮೇಲೆ ತುಪ್ಪ. ಮುದ್ದೆ ನುಂಗೋದು ತಾನೇ? ನಾನು ಅಗೀತಾ ಕೂತಿದ್ದೆ! ಅಕ್ಕ ಬಿಟ್ಟ ಕಣ್ಣು ಬಿಟ್ಟಂಗೆ ನೋಡ್ತಿದ್ದಳು. ನಾಲ್ಕನೇ ತುತ್ತಿಗೆ ಎದೆ ಹಿಡ್ಕೊಂಡಂಗಾಯ್ತು. ಸಾಕು ಅಂದೆ.

ನಮ್ಮದು ಮಠಕ್ಕೆ ನಡ್ಕೊಳ್ಳೋ ಮನೆತನ. ತಟ್ಟೇಲಿ ಒಂದು ಅಗುಳು ಬಿಡಂಗಿಲ್ಲ. ಉಂಡಾದ್ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಲ್ಲಿ ತೊಳೆದು, ಆ ನೀರನ್ನೂ ಕುಡೀಬೇಕು. ಅವ್ವ ತೀರ್ಕೊಂಡಾಗ ನನಗೆ ಎಂಟು ವರ್ಷ; ಇದನ್ನ ಕಲಿಸಿದ್ದು, ಆವತ್ತಿಂದ ಬಡಿಸಿದ್ದು, ಎಲ್ಲಾ ಅಕ್ಕನೇ. ಅಂಥವಳ ಮುಂದೆ ಮುಕ್ಕಾಲು ಮುದ್ದೆ ಬಿಟ್ಟು ಕೂತಿದ್ದೀನಿ. ತಟ್ಟೆ ಎಳ್ಕೊಂಡಿದ್ದು ಆಗಲೇ.

"ಇಲ್ಲ ಕಣಕ್ಕ, ಕಲ್ಲಲ್ಲ," ಅಂತ ಶುರು ಮಾಡಿ ಎಲ್ಲಾ ಹೇಳಿದೆ.

ಬೈತಾಳೆ ಅಂದ್ಕೊಂಡಿದ್ದೆ. ಬೈದಿದ್ರೆ ಚೆನ್ನಾಗಿತ್ತು.

"ಅಷ್ಟೊಂದು ದಿಂಡು ಏನ್ ಮಾಡ್ದೆ?" ಅಂದಳು.

"ಮಹಡಿ ಮನೆಯವರಿಗೆ ಕೊಟ್ಟೆ."

"ಹೋಗ್ಲಿ ಬುಡು, ತಿಪ್ಪೆಗೆ ಹಾಕಲಿಲ್ವಲ್ಲ." ನಗೋಕೆ ನೋಡಿದಳು, ಆಗಲಿಲ್ಲ.

ಆಮೇಲೆ ನನ್ನ ಎಂಜಲು ಮುದ್ದೆಯನ್ನ ತಾನೇ ಸಾರಿಗೆ ಅದ್ದಿ ಅದ್ದಿ ನುಂಗಿದಳು. ಅರವತ್ತೆರಡು ವರ್ಷದವಳು, ತಂಗಿ ಎಂಜಲು. ಬೇಡ ಅಂದ್ರೂ ಕೇಳಲಿಲ್ಲ. ತಟ್ಟೆಗೆ ನೀರು ಹಾಕಿ, ತೊಳೆದು, ಕುಡಿದಳು. ನನಗೆ ಅಳು ಬಂತು, ಅತ್ತುಬಿಟ್ಟೆ.

"ಹಸಿವೇ ಆಗಲ್ವೇನೇ?"

"ಇಲ್ಲ ಕಣಕ್ಕ."

"ಇನ್ಮೇಲೂ?"

"ಗೊತ್ತಿಲ್ಲ. ಆದ್ರೂ ಇಷ್ಟೇ ತಿನ್ನೋಕಾಗೋದು."

ಸೆರಗಲ್ಲಿ ಕೈ ಒರೆಸ್ಕೊಂಡು, ಕೋಪ ಒಂಚೂರೂ ಇಲ್ಲದೆ ಕೇಳಿದಳು:

"ಹಂಗಾರೆ ನೀನು ಇನ್ಮೇಲೆ ನಮ್ಮನೆಗೆ ಯಾಕ್ ಬರ್ತೀಯೇ?"