ಏಳನೇ ಬೆಡ್ ಕಡೆಯವರು

ನಮ್ಮ ದೊಡ್ಡಮ್ಮ ಆಸ್ಪತ್ರೆಯಲ್ಲಿ ಆಯಾ ಆಗಿದ್ದಳು. ಎರಡನೇ ಮಹಡಿಯಲ್ಲಿ ಐಸಿಯು ಮುಂದೆ ರೋಗಿಗಳ ಕಡೆಯವರು ಕಾಯುವ ಹಾಲು, ಅದರ ಪಕ್ಕದ ಕಾರಿಡಾರು, ಹೆಂಗಸರ ಬಾತ್‌ರೂಮು, ಲಿಫ್ಟಿನ ಹಿಂದಿನ ಮೆಟ್ಟಿಲು, ಇವಿಷ್ಟನ್ನು ಗುಡಿಸಿ ಒರೆಸುವುದು ಅವಳ ಕೆಲಸ. ನಾನು ಹಳ್ಳಿಯಿಂದ ಬಂದು ಕಾಲೇಜು ಓದುವಾಗ ಅವಳ ಮನೆಯಲ್ಲಿದ್ದೆ. ಡ್ಯೂಟಿ ಮುಗಿಸಿ ಬಂದವಳು ಕಾಲು ತೊಳೆದು ಕೂತರೆ ಆ ಹಾಲಿನ ಸುದ್ದಿ ಶುರುವಾಗುತ್ತಿತ್ತು. ಈ ಕಥೆಯನ್ನು ನಾನು ಕೇಳಿದ್ದು ಹಾಗೆ.

ಹಾಲಿನಲ್ಲಿದ್ದವು ಒಂದೇ ಕಂಬಿಗೆ ಜೋಡಿಸಿದ ಕಬ್ಬಿಣದ ಕುರ್ಚಿಗಳು. ಒಬ್ಬರು ಅಲ್ಲಾಡಿದರೆ ಸಾಲೆಲ್ಲ ಅಲ್ಲಾಡುತ್ತಿತ್ತು. ಎದುರಿಗೆ ದುಂಡು ಗಾಜು ಕೂರಿಸಿದ ಐಸಿಯು ಬಾಗಿಲು. ಅದು ಆಗಾಗ ಅರ್ಧ ತೆರೆದುಕೊಳ್ಳುವುದು, ವಾರ್ಡ್‌ಬಾಯ್ ತಲೆ ಹೊರಗೆ ಹಾಕಿ, “ನಾಲ್ಕನೇ ಬೆಡ್ ಕಡೆಯವರು ಯಾರು?” ಎಂದು ಕೂಗುವುದು. ಔಷಧಿ ತರಿಸಲು ಕೂಗಿದನೋ, ಕೊನೆಯ ಮಾತು ಹೇಳಲು ಕೂಗಿದನೋ, ಹತ್ತಿರ ಹೋಗುವ ತನಕ ತಿಳಿಯದು. ಆ ಕೂಗು ತಪ್ಪಿಹೋದೀತೆಂಬ ಹೆದರಿಕೆಗೆ ಜನ ಊಟಕ್ಕೆ ಏಳುತ್ತಿರಲಿಲ್ಲ. ಬಾತ್‌ರೂಮಿಗೂ ಹೋಗದೆ ಹೊಟ್ಟೆ ಹಿಡಿದುಕೊಂಡು ಕೂತಿರುತ್ತಿದ್ದರು.

ಒಂದು ಭಾನುವಾರ ಚರ್ಚಿನ ಸಭೆಯಲ್ಲಿ ಪಾದ್ರಿ ಅಯ್ಯನವರು, ಕರ್ತನಾದ ಯೇಸು ಶಿಲುಬೆಗೆ ಹೋಗುವ ಮುಂಚೆ ತೋಟದಲ್ಲಿ ಸಂಕಟಪಟ್ಟ ರಾತ್ರಿಯ ವಿಷಯ ಹೇಳಿದರು. ಜೊತೆಯಲ್ಲಿ ಎಚ್ಚರವಾಗಿರಿ ಎಂದು ಕೇಳಿಕೊಂಡರೂ ಶಿಷ್ಯರು ನಿದ್ದೆಹೋಗಿದ್ದರು. ದೊಡ್ಡಮ್ಮ ಮನೆಗೆ ಬಂದು ಸಾರಿಗೆ ಬೇಳೆ ಹಾಕುತ್ತಾ, “ನನಗೆ ಅಯ್ಯನವರ ಹಾಗೆ ಪ್ರಸಂಗ ಮಾಡೋಕೆ ಬರಲ್ಲ, ಹಾಡೋಕೆ ನಿಂತ್ರೆ ಪಕ್ಕದವರು ನಿಲ್ಲಿಸಿಬಿಡ್ತಾರೆ. ಎಚ್ಚರವಾಗಿ ಕೂರೋಕಂತೂ ಬರುತ್ತಲ್ಲ” ಎಂದಳು.

ಮಾರನೆಯ ದಿನ ಕೆಲಸದ ನಡುವಿನ ಬಿಡುವಿನಲ್ಲಿ ಒಬ್ಬ ಮುದುಕಿಯ ಹತ್ತಿರ ಹೋಗಿ, “ಅಮ್ಮ, ನೀವು ಹೋಗಿ ಒಂಚೂರು ಏನಾದ್ರೂ ತಿನ್ಕೊಂಡು ಬನ್ನಿ. ನಿಮ್ಮ ಕುರ್ಚೀಲಿ ನಾನು ಕೂತಿರ್ತೀನಿ, ಕೂಗಿದ್ರೆ ನಾನೇ ಹೋಗ್ತೀನಿ” ಅಂದಳು. ಕೂತಷ್ಟು ಹೊತ್ತೂ ಒಳಗಿದ್ದ ಮುದುಕನಿಗಾಗಿ ಬಾಯೊಳಗೇ ಪ್ರಾರ್ಥನೆ ಮಾಡಿದಳು. ಅವನ ಹೆಸರು ಗೊತ್ತಿರಲಿಲ್ಲ. “ಕರ್ತನೇ, ಎರಡನೇ ಬೆಡ್‌ನವರನ್ನ ನೋಡ್ಕೊ” ಎಂದಳಂತೆ.

ಹೀಗೆ ಶುರುವಾಯಿತು. ಊಟದ ಬಿಡುವಿನಲ್ಲಿ ಒಬ್ಬರು, ಸಂಜೆ ಹೊರಡುವ ಮುಂಚೆ ಇನ್ನೊಬ್ಬರು. ಸೂಪರ್‌ವೈಸರ್ ಎರಡು ಸಲ ಎಚ್ಚರಿಸಿದ್ದ. “ಯೂನಿಫಾರ್ಮ್ ಹಾಕ್ಕೊಂಡು ಕುರ್ಚೀಲಿ ಕೂತಿದ್ರೆ ನೋಡಿದವರು ಏನಂತಾರೆ? ಸೊಂಟ ನೋವಿದ್ರೆ ಹೇಳು, ಮನೇಲೇ ಕೂರಿಸ್ತೀನಿ.”

ಹಾಲಿನಲ್ಲಿ ಅವಳನ್ನು ಹತ್ತಿರ ಸೇರಿಸದವನು ಒಬ್ಬನೇ, ನಿವೃತ್ತನಾದ ಒಬ್ಬ ಪಿ.ಟಿ. ಮೇಷ್ಟ್ರು. ಅವನ ಹೆಂಡತಿ ಮೂರನೇ ಬೆಡ್‌ನಲ್ಲಿದ್ದಳು. ಅವನು ಬೆನ್ನು ನೆಟ್ಟಗೆ ಮಾಡಿ ಕೂತು, ಜೋರಾಗಿ ಮಾತಾಡುವವರನ್ನೆಲ್ಲ ಗದರುತ್ತಿದ್ದ. ದೊಡ್ಡಮ್ಮ ಕೇಳಿದಾಗ, “ಬೇಡ. ಏನು, ನಿಮ್ಮ ಯೇಸು ಕುರ್ಚಿ ಕಾಯೋ ಕೆಲಸಾನೂ ಮಾಡ್ತಾನಾ?” ಎಂದು ಕೊಂಕು ತೆಗೆದ.

“ಅವನು ನಿಮ್ಮ ಮನೆಯವರನ್ನ ಕಾಯ್ತಿರ್ತಾನೆ ಸಾರ್. ಕುರ್ಚಿಗೆ ನಾನು ಸಾಕು.”

ಪಕ್ಕದವರು ನಕ್ಕರು. ಮೇಷ್ಟ್ರು ಮುಖ ತಿರುಗಿಸಿಕೊಂಡ.

ಆ ವಾರವೇ ಏಳನೇ ಬೆಡ್‌ಗೆ ಐದು ವರ್ಷದ ಒಬ್ಬ ಹುಡುಗ ಬಂದ. ಕರುಳು ತಿರುಚಿಕೊಂಡಿದೆಯೇನೋ ಎಂಬ ಅನುಮಾನ. ಜೊತೆಗಿದ್ದದ್ದು ತಾಯಿಯೊಬ್ಬಳೇ. ಗಂಡ ದೂರದ ಕೆಲಸದ ಜಾಗದಿಂದ ಹೊರಟಿದ್ದ, ಇನ್ನೂ ತಲುಪಿರಲಿಲ್ಲ. ಎರಡು ದಿನದಿಂದ ಆ ತಾಯಿ ರೆಪ್ಪೆ ಮುಚ್ಚಿರಲಿಲ್ಲ. ಕಣ್ಣು ಕೆಂಡವಾಗಿತ್ತು.

“ಹೋಗಮ್ಮ, ಮುಖ ತೊಳ್ಕೊ. ಎಲ್ಲಾದ್ರೂ ಒಂದು ಗಳಿಗೆ ಕಣ್ಣು ಮುಚ್ಚು” ಎಂದಳು ದೊಡ್ಡಮ್ಮ.

“ಕೂಗಿದ್ರೆ?”

“ನಾನಿಲ್ವಾ? ನೀನು ಬರೋವರೆಗೂ ಏಳಲ್ಲ. ಮಾತು ಕೊಟ್ಟಿದೀನಿ.”

ಅವಳು ಫೋನನ್ನು ಗೋಡೆಯ ಪ್ಲಗ್ಗಿನಲ್ಲೇ ಚಾರ್ಜಿಗೆ ಬಿಟ್ಟು ಹೋದಳು. ಎಲ್ಲಿಗೆ ಹೋಗುತ್ತೀಯ ಎಂದು ದೊಡ್ಡಮ್ಮ ಕೇಳಲಿಲ್ಲ.

ಅವಳು ಹೋಗಿ ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಈ ಸಲ ವಾರ್ಡ್‌ಬಾಯ್ ಬರಲಿಲ್ಲ, ಡಾಕ್ಟರಮ್ಮನೇ ಹೊರಗೆ ಬಂದಳು.

“ಏಳನೇ ಬೆಡ್ ಕಡೆಯವರು?”

ದೊಡ್ಡಮ್ಮ ಎದ್ದು ನಿಂತಳು. “ನಾನು ಅವರ ಬದಲು ಕೂತಿದೀನಿ ಮೇಡಂ.”

“ಬದಲು ಆಗಲ್ಲ ಆಯಾ. ಮಗೂಗೆ ಈಗಲೇ ಆಪರೇಷನ್ ಮಾಡ್ಬೇಕು. ಹಿಂದೆ ಯಾವುದಾದ್ರೂ ಇಂಜೆಕ್ಷನ್ ಒಗ್ಗದೆ ತೊಂದರೆ ಆಗಿತ್ತಾ, ಶೀಟಲ್ಲಿ ಬರೆದಿಲ್ಲ, ಅದು ಗೊತ್ತಾಗ್ಬೇಕು. ತಾಯಿ ಎಲ್ಲಿ?”

“ಮುಖ ತೊಳೆಯೋಕೆ…”

“ಬೇಗ ಕರೀರಿ. ಇಲ್ಲಾಂದ್ರೆ ಕೇಳದೇನೇ ಮಾಡ್ಬೇಕಾಗುತ್ತೆ. ತುಂಬ ಹೊತ್ತು ಕಾಯೋಕೆ ನಮ್ಮ ಕೈಲಾಗಲ್ಲ.”

ಬಾಗಿಲು ಮುಚ್ಚಿತು. ದೊಡ್ಡಮ್ಮ ಪ್ಲಗ್ಗಿನಲ್ಲಿದ್ದ ಫೋನನ್ನು ನೋಡಿದಳು, ಮತ್ತೆ ಕುರ್ಚಿಯನ್ನು ನೋಡಿದಳು. ಹುಡುಕಲು ಹೋದರೆ ಡಾಕ್ಟರಮ್ಮ ಮತ್ತೆ ಬಂದಾಗ ಮಗುವಿನ ಕಡೆ ಯಾರೂ ಇರುವುದಿಲ್ಲ. ಹೋಗದಿದ್ದರೆ ತಾಯಿ ಸಿಗುವುದಿಲ್ಲ. ಅವಳನ್ನು ಒತ್ತಾಯ ಮಾಡಿ ಎಬ್ಬಿಸಿದ್ದು ತಾನೇ. ಒಳಗೆ ಆ ಮಗುವಿಗೆ ಏನಾದರೂ ಆದರೆ ಅದಕ್ಕೆ ಕಾರಣ ತನ್ನ ಒಳ್ಳೆಯತನವೇ. ಪ್ರಾರ್ಥನೆ ಮಾಡಲು ಹೊರಟರೆ “ಕರ್ತನೇ” ಎಂಬುದರಾಚೆ ಮಾತೇ ಹೊರಡಲಿಲ್ಲ.

ಹತ್ತಿರದ ಕುರ್ಚಿಯಲ್ಲಿದ್ದವನು ಮೇಷ್ಟ್ರು.

“ಸಾರ್, ನೀವು ಒಂದು ಸೀಟು ಈ ಕಡೆ ಬನ್ನಿ. ನಾನು ಹುಡುಕ್ಕೊಂಡು ಬರ್ತೀನಿ.”

“ನನ್ನ ಹೆಂಡತಿನ ಕೂಗಿದ್ರೆ?”

ದೊಡ್ಡಮ್ಮ ಕುರ್ಚಿಯ ಬೆನ್ನು ಹಿಡಿದು ನಿಂತಳು. ಮೇಷ್ಟ್ರು ಒಮ್ಮೆ ಬಾಗಿಲ ಕಡೆ ನೋಡಿ, ಎದ್ದು ಬಂದು ಏಳನೇ ಬೆಡ್‌ನವರ ಕುರ್ಚಿಯಲ್ಲಿ ಕೂತ. “ಇನ್ನೂ ಇಲ್ಲೇ ನಿಂತಿದೀರಲ್ಲ, ಓಡಿ” ಎಂದು ಗದರಿದ.

ಬಾತ್‌ರೂಮಿನಲ್ಲಿ ಅವಳಿರಲಿಲ್ಲ. ಕೆಳಗಿನ ಕ್ಯಾಂಟೀನಿನಲ್ಲಿ ಇರಲಿಲ್ಲ. ಔಷಧಿ ಅಂಗಡಿಯ ಸಾಲಿನಲ್ಲಿ, ಆ ತಾಯಿ ಉಟ್ಟಿದ್ದಂಥದೇ ಹಸಿರು ಸೀರೆಯವಳೊಬ್ಬಳು ಕಂಡಳು. ಭುಜ ಹಿಡಿದು ತಿರುಗಿಸಿದರೆ ಬೇರೆ ಯಾರೋ. ಗೇಟಿನ ವಾಚ್‌ಮನ್, “ಹಸಿರು ಸೀರೆ ಅಂದ್ರೆ ಯಾರ್ಯಾರನ್ನ ನೆನಪಿಟ್ಕೊಳ್ಲಿ ಆಯಾ?” ಎಂದ. ದೊಡ್ಡಮ್ಮನಿಗೆ ಆಗಲೇ ಐವತ್ತು ದಾಟಿತ್ತು, ಮಂಡಿ ನೋವು ಬೇರೆ. ಲಿಫ್ಟಿಗೆ ಕಾದರೆ ಅದು ಮೇಲೇ ನಿಂತಿತ್ತು. ಅದರ ಬಾಗಿಲ ಮುಂದೆ ನಿಂತಿದ್ದಾಗ, ಲಿಫ್ಟಿನ ಹಿಂದಿನ ಮೆಟ್ಟಿಲು ನೆನಪಾಯಿತು. ಆ ಮೆಟ್ಟಿಲನ್ನು ಯಾರೂ ಬಳಸುತ್ತಿರಲಿಲ್ಲ. ಬೇರೆಯವರ ಎದುರು ಅಳಲಾಗದವರು ಮಾತ್ರ ಅಲ್ಲಿಗೆ ಹೋಗುತ್ತಿದ್ದರು. ದಿನವೂ ಗುಡಿಸುವ ಜಾಗವೇ ಮೊದಲು ಹೊಳೆಯದೆ ಹೋಯಿತಲ್ಲ ಎಂದು ತನ್ನನ್ನೇ ಬೈದುಕೊಂಡು ಹತ್ತಿದಳು.

ತಿರುವಿನಲ್ಲಿ ಗೋಡೆಗೆ ತಲೆಯೊರಗಿಸಿ ಆ ತಾಯಿ ಮಲಗಿದ್ದಳು. ತೊಳೆದ ಮುಖದ ನೀರು ಇನ್ನೂ ಕತ್ತಿನ ಬಳಿ ಆರಿರಲಿಲ್ಲ.

ಎಬ್ಬಿಸಿದರೆ ಅವಳು ಬೆಚ್ಚಿ, “ನಿದ್ದೆ ಬಂದುಬಿಡ್ತು, ನಿದ್ದೆ ಬಂದುಬಿಡ್ತು” ಎಂದು ಹಣೆ ಚಚ್ಚಿಕೊಳ್ಳತೊಡಗಿದಳು.

“ಶಿಷ್ಯರಿಗೇ ಬಂದಿತ್ತಂತೆ ತಾಯಿ, ನಿನ್ನದೇನು. ಏಳು, ಡಾಕ್ಟ್ರು ಕರೀತಿದಾರೆ.”

ಅವಳಿಗೆ ಯಾವ ಶಿಷ್ಯರೋ ಏನೂ ತಿಳಿಯಲಿಲ್ಲ. ಓಡಿದಳು.

ಇವರು ಹಾಲಿಗೆ ಬಂದಾಗ ಏಳನೇ ಬೆಡ್‌ನವರ ಕುರ್ಚಿಯಲ್ಲಿ ಎರಡನೇ ಬೆಡ್ ಕಡೆಯ ಮುದುಕಿ ಕೂತಿದ್ದಳು. ಆಕೆಯ ಜಾಗದಲ್ಲಿ ಇನ್ನಾರೋ ಇದ್ದರು. ಆಮೇಲೆ ತಿಳಿದದ್ದು ಇಷ್ಟು: ದೊಡ್ಡಮ್ಮ ಹೋದ ಮೇಲೆ ವಾರ್ಡ್‌ಬಾಯ್ ಮೂರನೇ ಬೆಡ್ ಕಡೆಯವರನ್ನು ಕೂಗಿದ್ದ. ಮೇಷ್ಟ್ರು ಅರ್ಧ ಎದ್ದು, ಮತ್ತೆ ಕೂತು, “ಎರಡು ನಿಮಿಷ ತಡಿ” ಅಂದಿದ್ದ. ಆಗ ಮುದುಕಿ, “ಹೋಗಪ್ಪ, ನಾನು ಈ ಕಡೆ ಜರುಗ್ತೀನಿ” ಎಂದಳು. ಅವಳು ಜರುಗಿದಾಗ ಅವಳ ಪಕ್ಕದವರೂ ಜರುಗಿದರು.

ತಾಯಿ ಡಾಕ್ಟರಮ್ಮನಿಗೆ ಹೇಳಿದಳು: ಹಿಂದೊಮ್ಮೆ ಜ್ವರ ಬಂದಾಗ ಕೊಟ್ಟ ಇಂಜೆಕ್ಷನ್‌ನಿಂದ ಮಗುವಿಗೆ ಉಸಿರುಕಟ್ಟಿತ್ತು. ಅದರ ಹೆಸರನ್ನು ಅವಳು ಬಾಯಿಪಾಠ ಮಾಡಿಟ್ಟುಕೊಂಡಿದ್ದಳು. ಡಾಕ್ಟರಮ್ಮ ಒಳಗೆ ತಿರುಗಿ ನೋಡಿದಳು. ಬಾಗಿಲ ಹಿಂದೆ ನಿಂತಿದ್ದ ಸಿಸ್ಟರ್ ಕೈಯಲ್ಲಿದ್ದ ಇಂಜೆಕ್ಷನ್ ಟ್ರೇಯನ್ನು ಹಾಗೇ ವಾಪಸ್ ತೆಗೆದುಕೊಂಡು ಹೋದಳು.

ಆಪರೇಷನ್ ಮುಗಿಯುವ ತನಕ ದೊಡ್ಡಮ್ಮ ಕಾರಿಡಾರನ್ನು ಒರೆಸಿದ್ದನ್ನೇ ಒರೆಸುತ್ತಿದ್ದಳು. ಆ ಕಡೆ ಬಂದ ಸೂಪರ್‌ವೈಸರ್‌ಗೆ ಯಾರೋ ಆಗಲೇ ವರದಿ ಒಪ್ಪಿಸಿದ್ದರು. “ನಿನ್ನ ಪುಣ್ಯದ ಕೆಲಸ ಇಂಥದ್ದು. ಇನ್ನೊಂದು ಸಲ ಕೂತಿದ್ದು ಕಂಡ್ರೆ ಇಲ್ಲಿಗೆ ಬರಲೇಬೇಡ” ಎಂದು ಅವನು ಬೈದ. ಇನ್ನು ಯಾರ ಕುರ್ಚಿಯಲ್ಲೂ ಕೂರುವುದಿಲ್ಲ ಎಂದು, ಅವನು ಹೇಳುವ ಮೊದಲೇ ಅವಳು ನಿಶ್ಚಯಿಸಿಕೊಂಡಿದ್ದಳು. “ಕರ್ತನೇ, ಈ ಮಗುವನ್ನ ಉಳಿಸಿಕೊಡು. ನನಗೆ ತಿಳಿಯದ ಕೆಲಸಕ್ಕೆ ಇನ್ನು ಕೈ ಹಾಕಲ್ಲ” ಎಂದಳಂತೆ.

ಮಗು ಉಳಿಯಿತು. ಸಂಜೆ ವಾರ್ಡ್‌ಬಾಯ್ ಬಂದು ಹೇಳಿದಾಗ ಆ ತಾಯಿ ದೊಡ್ಡಮ್ಮನ ಫಿನೈಲ್ ಕೈಯನ್ನೇ ಹಿಡಿದುಕೊಂಡು ಅತ್ತಳು. ದೊಡ್ಡಮ್ಮ ಮಾತ್ರ ಮನೆಗೆ ಬಂದು ಊಟವನ್ನೂ ಮಾಡದೆ ಮಲಗಿದಳು.

ಮಾರನೆಯ ದಿನ ಅವಳು ಕುರ್ಚಿಗಳ ಕಡೆ ನೋಡದೆ, ತಲೆ ಬಗ್ಗಿಸಿ ನೆಲ ಒರೆಸುತ್ತಾ ಹೋದಳು. ಮಾಪ್ ಒಂದು ಜೊತೆ ಬೂಟಿಗೆ ತಾಗಿತು. ಮೇಷ್ಟ್ರು ಬೇರೆ ಯಾರದೋ ಕುರ್ಚಿಯಲ್ಲಿ ಕೂತಿದ್ದ.

“ಐದನೇ ಬೆಡ್‌ನವರು ಊಟಕ್ಕೆ ಹೋಗಿದಾರೆ” ಎಂದ. “ಎಲ್ಲಿಗೆ ಹೋಗ್ತೀರಿ, ಎಷ್ಟು ಹೊತ್ತಿಗೆ ಬರ್ತೀರಿ ಕೇಳಿದೀನಿ. ಫೋನ್ ಕೈಯಲ್ಲೇ ಕೊಟ್ಟು ಕಳಿಸಿದೀನಿ. ಪೇಷಂಟ್‌ಗೆ ಏನು ಒಗ್ಗಲ್ಲ ಅಂತಾನೂ ಕೇಳಿಟ್ಕೊಂಡಿದೀನಿ. ನಿಮ್ಮ ಹಾಗೆ ಅಲ್ಲ, ಶಿಸ್ತು ಬೇಕು. ಪ್ರಾರ್ಥನೆ ನನಗೆ ಬರಲ್ಲ, ಅದನ್ನ ನೀವೇ ಮಾಡ್ಕೊಳ್ಳಿ.”

ದೊಡ್ಡಮ್ಮ ಮಾಪ್ ಹಿಡಿದುಕೊಂಡೇ ಅಲ್ಲೇ ಪ್ರಾರ್ಥನೆ ಮಾಡಿದಳು.

ಮೇಷ್ಟ್ರ ಹೆಂಡತಿ ಮನೆಗೆ ಹೋದ ಮೇಲೂ ಅವನು ವಾರಕ್ಕೊಂದು ದಿನ ಬಂದು ಕೂತ. ಹೀಗೆ ಕೂರಲು ಯಾರು ಬರುತ್ತೀರಿ ಎಂದು ಅಯ್ಯನವರು ಸಭೆಯಲ್ಲಿ ಕೇಳಿದರು, ಹೆಂಗಸರು ಸರದಿಯ ಮೇಲೆ ಬಂದರು. ಆ ಹಾಲಿನಲ್ಲಿ ಒಮ್ಮೆ ಕಾದವರು, ತಮ್ಮವರನ್ನು ಕಳಕೊಂಡವರೂ ಸಹ, ಈಗ ಯಾವ ಬೆಡ್ ಕಡೆಯವರೂ ಅಲ್ಲದಿದ್ದರೂ ಕೂರಲು ವಾಪಸ್ ಬಂದರು. ಆಸ್ಪತ್ರೆಯವರು ಅವರಿಗೆ ಬ್ಯಾಡ್ಜ್ ಮಾಡಿಸಿಕೊಟ್ಟರು. ಹಂಚಿದವನು ಅದೇ ಸೂಪರ್‌ವೈಸರ್. ಈಗ ಬೇರೆ ಊರುಗಳ ಆಸ್ಪತ್ರೆಗಳಲ್ಲೂ ಹೀಗೆ ಕೂರುವವರಿದ್ದಾರೆ. ಅವರಲ್ಲಿ ಎಷ್ಟೋ ಜನಕ್ಕೆ ದೊಡ್ಡಮ್ಮ ಯಾರೆಂದು ಗೊತ್ತಿಲ್ಲ.

ಹೋದ ತಿಂಗಳು ನಾನು ಅವಳನ್ನು ನೋಡಲು ಹೋಗಿದ್ದೆ. ನಿವೃತ್ತಿಯಾಗಿದೆ, ಆದರೂ ವಾರದಲ್ಲಿ ಎರಡು ದಿನ ಅದೇ ಹಾಲಿಗೆ ಹೋಗುತ್ತಾಳೆ. “ಎಷ್ಟು ದೊಡ್ಡದಾಯ್ತಲ್ಲ ದೊಡ್ಡಮ್ಮ” ಎಂದೆ.

“ದೊಡ್ಡದಾಯ್ತು ನಿಜ, ಅದೇ ಭಯ ಕಣೋ” ಎಂದಳು. “ಆವತ್ತು ಒಂದು ಕುರ್ಚೀಲಿ ಕೂತು ಒಂದು ಮಾತು ಕೇಳೋದು ಮರೆತೆ. ಈಗ ಎಷ್ಟು ಕುರ್ಚಿ ಇದೆಯೋ, ಯಾವ ಊರಲ್ಲಿ ಯಾರು ಏನು ಮರೀತಾರೋ. ಅದಕ್ಕೇ ಬೆಳಿಗ್ಗೆ ಪ್ರಾರ್ಥನೆ ಉದ್ದ ಆಗಿಬಿಟ್ಟಿದೆ, ಅನ್ನ ಸೀಯುತ್ತೆ.”

ಅಷ್ಟರಲ್ಲಿ ಗಡಿಯಾರ ನೋಡಿದಳು. ಅವಳ ಸರದಿಗೆ ಹೊತ್ತಾಗಿತ್ತು. ಚಪ್ಪಲಿ ಮೆಟ್ಟಿಕೊಂಡು, ಬಾಗಿಲು ನೀನೇ ಎಳೆದುಕೊಂಡು ಹೋಗು ಎಂದು ನನಗೆ ಹೇಳಿ, ಮಂಡಿಯ ಮೇಲೊಂದು ಕೈಯಿಟ್ಟು ಮೆಟ್ಟಿಲಿಳಿದಳು.